ನಮ್ಮ ಮನಿಯವ್ರು ಇನ್ನೂ ಓದಾಕತ್ತಾರ್ರಿ

ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಕಿಚ್ಚು. ನನಗೆ ಆ ಭಾಗ್ಯವಿಲ್ಲ. ಅಣ್ಣಿಗೇರಿ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ "ಸರ, ಗಿರ್ಮಿಟ್ಟೋ ಮಿರ್ಚಿಯೋ?" ಎಂದು ಕೇಳಿದರೆ ಸಾಕು, ಗಿರ್ಮಿಟ್ಟಿನ ಗುಣ, ಮಿರ್ಚಿಯ ದೋಷ, ನನ್ನ ಹೊಟ್ಟೆಯ ಪೂರ್ವೇತಿಹಾಸ, ಆಕಾಶದಲ್ಲಿನ ಮೋಡ ಎಲ್ಲವನ್ನೂ ವಿಚಾರ ಮಾಡುತ್ತ ನಿಂತುಬಿಡುತ್ತೇನೆ. ಹೋಟೆಲಿನ ಮಾಲೀಕ ಈಗ ಕೇಳುವುದನ್ನೇ ಬಿಟ್ಟಿದ್ದಾನೆ. ಅವನಿಗೆ ಯಾವುದು ಖಾಲಿಯಾಗಬೇಕಾಗಿದೆಯೋ ಅದನ್ನು ತಂದು ನನ್ನ ಮುಂದಿಡುತ್ತಾನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವನಿಗೆ ಈ ಸ್ವಭಾವದಿಂದ ಅಂಥ ತೊಂದರೆಯೇನೂ ಇಲ್ಲ. ನಮ್ಮಲ್ಲಿ ಪರೀಕ್ಷೆಗೆ 'ಕಳಿಂಗ ಯುದ್ಧದ ಪರಿಣಾಮಗಳನ್ನು ವಿವರಿಸಿ' ಎಂದು ಕೇಳುತ್ತಾರೆಯೇ ಹೊರತು, 'ಅಶೋಕ ಯುದ್ಧ ಮಾಡಬೇಕಾಗಿತ್ತೋ ಬೇಡವಾಗಿತ್ತೋ' ಎಂದು ಯಾರೂ ಕೇಳುವುದಿಲ್ಲ. ಹೀಗೆ ವಿವರಿಸುತ್ತ ವಿವರಿಸುತ್ತ ಐವತ್ತು ದಾಟಿದ್ದೆ. ತೊಂದರೆ ಬಂದದ್ದು ಗಾಳಿಯಿಂದ.

ನನ್ನ ಹೆಂಡತಿ ಗಿರಿಜಾಳಿಗೆ ಮದುವೆಯಲ್ಲಿ ಅವಳ ಅಪ್ಪ ಅರಿಷಿಣ-ಕುಂಕುಮಕ್ಕೆಂದು ಕೊಟ್ಟ ಹೊಲವೊಂದು ನವಲಗುಂದದ ದಾರಿಯಲ್ಲಿದೆ. ಒಳ್ಳೆಯ ಎರೆಹೊಲ. ನಡುವೆ ಒಂದು ಬನ್ನಿಗಿಡ, ಅದರ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು. ಪ್ರತಿ ಸೀಗಿ ಹುಣ್ಣಿಮೆಗೆ ಅವಳ ತವರಿನ ಮಂದಿಯೆಲ್ಲ ಟ್ರ್ಯಾಕ್ಟರ್ ಹತ್ತಿ ಅಲ್ಲಿಗೆ ಬಂದು, ಕಲ್ಲಿಗೆ ಪೂಜೆ ಮಾಡಿ, ಬೆಳೆದು ನಿಂತ ಹೊಲದ ತುಂಬ ಭೂತಾಯಿಗೆಂದು ಅಡಿಗೆಯ ಚರಗ ಚೆಲ್ಲಿ, ಗಿಡದ ನೆರಳಿನಲ್ಲಿ ಕೂತು ಉಂಡು ಹೋಗುತ್ತಾರೆ. ಅವಳ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಆದರೂ ಅವರು ಕೂಡುತ್ತಿದ್ದ ಜಾಗದಲ್ಲಿ ಗಿರಿಜಾ ಇಂದಿಗೂ ಯಾರನ್ನೂ ಕೂಡಗೊಡುವುದಿಲ್ಲ. ಎಲೆ ಹಾಕಿ ಮೊದಲು ಅಲ್ಲಿಗೆ ಬಡಿಸುತ್ತಾಳೆ. ಗಾಳಿಯಂತ್ರದ ಕಂಪನಿಯವರು ನಕ್ಷೆ ಹಿಡಿದುಕೊಂಡು ಬಂದು ಸುತ್ತಲಿನ ಹೊಲಗಳನ್ನೆಲ್ಲ ತಿರುಗಿ, ಕಂಬ ನಿಲ್ಲಿಸಲು ಇದಕ್ಕಿಂತ ಛಲೋ ಜಾಗವಿಲ್ಲ ಎಂದು ಬೆರಳು ತೋರಿಸಿದ್ದು ಸರಿಯಾಗಿ ಆ ಬನ್ನಿಗಿಡವನ್ನೇ.

ಬಾಜೂ ಹೊಲ ಗಿರಿಜಾಳ ಕಾಕಾ ನಿಂಗಪ್ಪನವರದು. ಗಿರಿಜಾಳ ಹೊಲ ಸಿಕ್ಕರೆ ದಾರಿ ಮಾಡಿಕೊಂಡು ಅವರ ಹೊಲದಲ್ಲೂ ಒಂದು ಯಂತ್ರ ನಿಲ್ಲಿಸುತ್ತೇವೆ ಎಂದು ಕಂಪನಿಯವರು ಹೇಳಿದ್ದೇ ತಡ, ಯಂತ್ರಕ್ಕಿಂತ ಮೊದಲು ಕಾಕಾನೇ ತಿರುಗತೊಡಗಿದರು. ಬೆಳಿಗ್ಗೆ ನಮ್ಮ ಮನೆ, ಸಂಜೆ ನಮ್ಮ ಮನೆ. "ಗಿರಿಜವ್ವಾ, ಹೂಂ ಅಂದಬಿಡವಾ. ಇಷ್ಟ ದಿನಾ ಪುಕ್ಕಟ ಬೀಸಿ ಹೋದ ಗಾಳಿ, ಇನ್ನ ಮ್ಯಾಲರ ನಮಗ ಏನರ ಕೊಟ್ಟ ಹೋಗಲಿ" ಎನ್ನುತ್ತಿದ್ದರು. ಅಪ್ಪ ಹೋದ ಮೇಲೆ ಪಂಚಮಿಗೆ ಉಂಡಿ ಕಟ್ಟಿಕೊಂಡು ಕರೆಯಲು ಬರುವವರು ಇದೇ ಕಾಕಾ. ಅವರಿಗೆ ಬೇಡ ಎಂದರೆ ತವರಿನ ಬಾಗಿಲನ್ನು ತನ್ನ ಕೈಯಾರೆ ಹಾಕಿಕೊಂಡಂತೆ. ಹೂಂ ಎಂದರೆ ಬನ್ನಿಗಿಡ ಹೋದಂತೆ. ಗಿರಿಜಾ ಸೆರಗು ಸರಿ ಮಾಡಿಕೊಂಡು, "ನನಗೇನ್ ತಿಳೀತೈತಿ ಕಾಕಾ? ನಮ್ಮ ಮನಿಯವ್ರು ಹೆಂಗ ಹೇಳ್ತಾರ ಹಂಗ" ಎಂದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಇಂಥ ಮಾತನ್ನು ಆಡಿದ್ದು ಅದೇ ಮೊದಲು. ನಾನು ಹೆದರಿಬಿಟ್ಟೆ.

ಬೇರೆಯವರಾಗಿದ್ದರೆ ಜೋಯಿಸರ ಹತ್ತಿರ ಹೋಗುತ್ತಿದ್ದರು, ಇಲ್ಲವೇ ವಕೀಲರ ಹತ್ತಿರ. ನಾನು ಫೋನಿನಲ್ಲಿ 'ಗಾಳಿಯಂತ್ರಕ್ಕೆ ಹೊಲ ಕೊಡಬಹುದೇ' ಎಂದು ಬರೆದು ಹುಡುಕಿದೆ. ಫೋನು ಉತ್ತರ ಕೊಡಲಿಲ್ಲ. ಬದಲಿಗೆ, ಮನೆಯಲ್ಲೇ ಕೂತು ಭಾನುವಾರಗಳಂದು ಕಲಿಯಬಹುದಾದ, ಗಣಿ ಮತ್ತು ಇಂಧನ ಹಣಕಾಸು ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸಿನ ಜಾಹೀರಾತನ್ನು ತೋರಿಸಿತು. ಇಂಧನ ಎಂದರೆ ಗಾಳಿ ಬಂತು, ಹಣಕಾಸು ಎಂದರೆ ಲೆಕ್ಕ ಬಂತು. ಗಣಿಯೊಂದು ಹೆಚ್ಚಾಗಿದೆ, ಇರಲಿ, ಸಂತೆಯಲ್ಲಿ ಕಾಯಿಪಲ್ಯ ಕೊಂಡರೆ ಮೇಲೊಂದಿಷ್ಟು ಕೊತ್ತಂಬರಿ ಕೊಸರು ಹಾಕುತ್ತಾರಲ್ಲ, ಹಾಗಿರಬೇಕು ಎಂದುಕೊಂಡು ಹೆಸರು ಹಚ್ಚಿದೆ. ಸೇರಿದ ಮೇಲೆ ತಿಳಿಯಿತು, ಕೊಸರೇ ಗಂಟಿಗಿಂತ ದೊಡ್ಡದಿತ್ತು. ಮೊದಲ ವರ್ಷ ಪೂರ್ತಿ ಗಣಿ. ಬಂಗಾರ, ಕಲ್ಲಿದ್ದಲು, ತಾಮ್ರ, ಕಬ್ಬಿಣ ಎಲ್ಲವನ್ನೂ ದಾಟಿಕೊಂಡು ಎರಡನೆಯ ವರ್ಷದ ಕೊನೆಯಲ್ಲಿ ಗಾಳಿಗೆ ಬರಬೇಕು. ನಮ್ಮ ಹೆಡ್‌ಮಾಸ್ತರರಿಗೆ ಸುದ್ದಿ ಮುಟ್ಟಿ, "ರಿಟೈರ್ಡ್ ಆಗೋ ಹೊತ್ತಿಗೆ ಮಂದಿ ಕಾಶಿಗೆ ಹೋಗ್ತಾರ, ನೀವು ಗಣಿಗೆ ಹೊಂಟೀರಲ್ಲ" ಎಂದರು. ಓಣಿಯ ಹೆಣ್ಣುಮಕ್ಕಳಂತೂ ಹೊಲದಾಗ ಬಂಗಾರ ಸಿಕ್ಕಿರಬೇಕೆಂದು ತೀರ್ಮಾನಿಸಿ ಗಿರಿಜಾಳ ಕೊರಳನ್ನು ದಿಟ್ಟಿಸಿ ನೋಡತೊಡಗಿದರು.

ಪಾಠ ಶುರುವಾಯಿತು. ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಮೊಬೈಲು ನಿಲ್ಲಿಸಿಕೊಂಡು ನಾನು, ಅದರೊಳಗೆ ಟೈ ಕಟ್ಟಿಕೊಂಡ ಪ್ರೊಫೆಸರು. ಅವರು ಹೇಳುವ ಪ್ರತಿ ಶಬ್ದವೂ ಬಿಡಿಬಿಡಿಯಾಗಿ ತಿಳಿಯುತ್ತಿತ್ತು. ಕೂಡಿಸಿದರೆ ಏನೂ ತಿಳಿಯುತ್ತಿರಲಿಲ್ಲ. ನೆಲದೊಳಗೆ ಅದಿರು ಎಷ್ಟಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲವಂತೆ. ಅಲ್ಲಲ್ಲಿ ಕೊರೆದು ನೋಡಿ, ನಡುವೆ ಎಷ್ಟಿರಬಹುದೆಂದು ಊಹೆ ಮಾಡಿ, ಆ ಊಹೆಯ ಮೇಲೆ ಬ್ಯಾಂಕಿನವರು ಸಾಲ ಕೊಡುತ್ತಾರಂತೆ. ನನಗೆ ನಮ್ಮ ಹಳೆಯ ಮನೆಯ ಹಗೇವು ನೆನಪಾಯಿತು. ಅಂಗಳದಲ್ಲಿ ನೆಲದೊಳಗೆ ತೋಡಿದ ಆ ಕಣಜದಲ್ಲಿ ಜೋಳ ತುಂಬಿ ಮುಚ್ಚುತ್ತಿದ್ದರು. ಅರ್ಧ ವರ್ಷದ ಮೇಲೆ ಎಷ್ಟು ಉಳಿದಿದೆ ಎಂದರೆ, ಅಜ್ಜ "ಬೇಕಾದಷ್ಟೈತಿ" ಎನ್ನುತ್ತಿದ್ದ, ಅಜ್ಜಿ "ತಳಾ ಹತ್ತೇತಿ" ಎನ್ನುತ್ತಿದ್ದಳು. ತೆಗೆದು ನೋಡಿದಾಗ ಇಬ್ಬರ ಮಾತೂ ಸುಳ್ಳಾಗಿರುತ್ತಿತ್ತು. ಧೈರ್ಯ ಮಾಡಿ ನನ್ನ ಹರಕು ಇಂಗ್ಲಿಷಿನಲ್ಲಿ ಇದನ್ನು ಹೇಳಿದೆ. ಪ್ರೊಫೆಸರು ಬಹಳ ಸಂತೋಷಪಟ್ಟು, ಇಡೀ ಅಧ್ಯಾಯದ ಸಾರವೇ ಇದು ಎಂದರು. ಹಾಗಾದರೆ ಅಧ್ಯಾಯ ಯಾಕೆ ಬೇಕಿತ್ತು ಎಂದು ತಿಳಿಯದೆ ನಾನು ಇನ್ನಷ್ಟು ಗೊಂದಲಕ್ಕೆ ಬಿದ್ದೆ.

ಕಲಿತದ್ದನ್ನು ಮನೆಯವರಿಗೆ ಹೇಳಿ ಗಟ್ಟಿ ಮಾಡಿಕೊಳ್ಳುವುದು ಮಾಸ್ತರಿಕೆಯ ಚಟ. ಒಂದು ದಿನ ಗಿರಿಜಾ ರೊಟ್ಟಿ ಬಡಿಯುತ್ತಿದ್ದಾಗ ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. "ನೋಡು, ಇವತ್ತ ಕೈಯಾಗ ಇದ್ದದ್ದು ಹತ್ತು ವರ್ಷದ ಮ್ಯಾಲ ಸಿಗೂದಕ್ಕಿಂತ ಹೆಚ್ಚಿಂದು. ಇವತ್ತಿನ ಒಂದು ರೊಟ್ಟಿ ನಾಳಿನ ಒಂದು ರೊಟ್ಟಿಗಿಂತ ದೊಡ್ಡದು" ಎಂದೆ. ಅವಳು ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕುತ್ತ, "ಬಿಸಿ ರೊಟ್ಟಿಗೆ ಖರೇ ಐತ್ರಿ. ಖಡಕ್ ರೊಟ್ಟಿಗೆ?" ಎಂದಳು. ಎರಡು ತಿಂಗಳು ಬುಟ್ಟಿಯಲ್ಲಿದ್ದರೂ ರುಚಿ ಕಳೆದುಕೊಳ್ಳದ ಖಡಕ್ ರೊಟ್ಟಿಗೆ ಯಾವ ಸೂತ್ರ ಹಚ್ಚಬೇಕೆಂದು ಹೊಳೆಯದೆ ಪ್ರೊಫೆಸರರನ್ನೇ ಕೇಳಿದೆ. ಅವರು "ಇಟ್ ಡಿಪೆಂಡ್ಸ್" ಎಂದರು. ಅವರ ಬಾಯಲ್ಲಿ ಆ ಎರಡು ಮಾತು ಬಾರದ ಭಾನುವಾರವೇ ಇರಲಿಲ್ಲ. ಗಣಿ ತೆರೆಯಬೇಕೇ? ಇಟ್ ಡಿಪೆಂಡ್ಸ್. ಮುಚ್ಚಬೇಕೇ? ಇಟ್ ಡಿಪೆಂಡ್ಸ್. ನನ್ನ ಸ್ವಭಾವಕ್ಕೆ ಪದವಿ ಕೊಡುವ ವಿದ್ಯೆಯೊಂದು ಜಗತ್ತಿನಲ್ಲಿದೆ ಎಂದು ಇಷ್ಟು ದಿನ ಯಾರೂ ನನಗೆ ಹೇಳಿರಲಿಲ್ಲ.

ಆದರೂ ಮೊದಲ ವರ್ಷ ಮುಗಿಯುವಷ್ಟರಲ್ಲಿ ನಾನು ಸೋತಿದ್ದೆ. ಲೆಕ್ಕದ ಪಾಠವೊಂದರ ನಂತರ ತಲೆ ಬಿಸಿಯಾಗಿ, "ಇದ ನನ್ನ ಕೈಲೆ ಆಗಂಗಿಲ್ಲ, ಬಿಟ್ಟಬಿಡ್ತೀನಿ. ಕಾಕಾಗ ಏನರ ಒಂದ ಹೇಳಿ ಕೈ ತೊಳಕೊಳ್ಳೂಣು" ಎಂದೆ. ಗಿರಿಜಾ ಗಾಬರಿಯಾದಳು. ನಾನು ನೌಕರಿ ಬಿಡುತ್ತೇನೆಂದಿದ್ದರೂ ಅವಳು ಅಷ್ಟು ಗಾಬರಿಯಾಗುತ್ತಿರಲಿಲ್ಲ. "ಅಯ್ಯ, ನಡುವ ಬಿಡಬ್ಯಾಡ್ರಿ! ವಿದ್ಯಾ ಅಂದ್ರ ಸರಸ್ವತಿ. ಸಾವಕಾಶ ಓದ್ರಿ, ಯಾರು ಬೆನ್ನ ಹತ್ತ್ಯಾರ?" ಎಂದು ಚಹಾದ ಜೊತೆಗೆ ಮಂಡಾಳು ಒಗ್ಗರಣೆ ಹಾಕಿ ತಂದಿಟ್ಟಳು. ಅಂದಿನಿಂದ ಭಾನುವಾರದ ಪಾಠದ ವೇಳೆಗೆ ಮನೆಯಲ್ಲಿ ಟಿವಿ ಬಂದ್, ಮಿಕ್ಸರ್ ಬಂದ್. ಕಾಕಾ ಬಂದರೆ ಬಾಗಿಲಲ್ಲೇ ತಡೆದು, ತುಟಿಯ ಮೇಲೆ ಬೆರಳಿಟ್ಟು, "ನಮ್ಮ ಮನಿಯವ್ರು ಇನ್ನೂ ಓದಾಕತ್ತಾರ್ರಿ ಕಾಕಾ. ಮುಗೀಲಿ, ಪೂರಾ ಓದಿ ಹೇಳ್ತಾರ" ಎನ್ನುತ್ತಿದ್ದಳು. ಕಂಪನಿಯ ಏಜೆಂಟರಿಗೂ ಫೋನಿನಲ್ಲಿ ಅದೇ ಮಾತು. ಇಂಥ ಹೆಂಡತಿಯನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದುಕೊಂಡು ನಾನು ಮತ್ತೆ ತಾಮ್ರದ ಗಣಿಗೆ ಇಳಿದೆ.

ಕಾಕಾನ ತಾಳ್ಮೆಗೂ ಒಂದು ಮಿತಿಯಿತ್ತು. "ಅಳಿಯಂದ್ರು ಓದೂದು ಮುಗಿಯೂತನಕ ಗಾಳಿ ನಿಂತ ಹೋದೀತು. ದ್ಯಾಮವ್ವನ ಗುಡಿಯೊಳಗ ಹೂ ಕೇಳೂಣು ನಡೀರಿ" ಎಂದು ಪಟ್ಟು ಹಿಡಿದರು. ನಮ್ಮ ಕಡೆ ದಾರಿ ತೋಚದಾಗ ದೇವಿಯ ಮೈಮೇಲೆ ಎಡಕ್ಕೊಂದು ಬಲಕ್ಕೊಂದು ಹೂವು ಅಂಟಿಸಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ನನಗೂ ಇದು ಹಿಡಿಸಿತು. ಇಲ್ಲಿ ಇಟ್ ಡಿಪೆಂಡ್ಸ್ ಎನ್ನುವ ಮೂರನೆಯ ಹೂವು ಇರಲಿಲ್ಲ. ಗಿರಿಜಾ ಬಹಳ ಭಕ್ತಿಯಿಂದ ಮನೆಯಲ್ಲೇ ಗಂಧ ತೇಯ್ದುಕೊಂಡು ಬಂದಿದ್ದಳು. ಪೂಜಾರಿ ಅದರಿಂದಲೇ ಹೂವು ಅಂಟಿಸಿದ. ಎಲ್ಲರೂ ಕೈಮುಗಿದು ಕೂತೆವು. ಬಲಗಡೆಯದು ಬೀಳಲಿಲ್ಲ, ಎಡಗಡೆಯದೂ ಬೀಳಲಿಲ್ಲ. ಕಾಕಾನ ಮೊಣಕಾಲು ಹಿಡಿದುಕೊಂಡಿತು. ಪೂಜಾರಿ ಎರಡು ಸಲ ಹೋಗಿ ಹತ್ತಿರದಿಂದ ನೋಡಿ ಬಂದು, "ಅವ್ವ ಇನ್ನೂ ವಿಚಾರ ಮಾಡಾಕತ್ತಾಳ" ಎಂದ. ಗಿರಿಜಾ ನನ್ನ ಕಡೆ ತಿರುಗಿ, "ನಿಮ್ಮ ಗಾಳಿ ಅವ್ವಗೂ ಬಡದೈತಿ ನೋಡ್ರಿ" ಎಂದಳು. ಸಿಟ್ಟಿನಿಂದ ಅಂದಳೆಂದೇ ನಾನು ತಿಳಿದೆ.

ಅಂತೂ ಎರಡನೆಯ ವರ್ಷದ ಕೊನೆಗೆ ಗಾಳಿ ಬಂತು. ಅದರ ಜೊತೆಗೇ ಒಂದು ಅಪರೂಪದ ಪಾಠವೂ ಬಂತು. ಗಣಿಯನ್ನಾಗಲಿ ಯಂತ್ರವನ್ನಾಗಲಿ ಇವತ್ತೇ ಹೂಡಲೇಬೇಕೆಂದಿಲ್ಲ, ಕಾಯುವುದಕ್ಕೂ ಒಂದು ಬೆಲೆಯಿದೆ, ಆ ಬೆಲೆಯನ್ನು ಲೆಕ್ಕ ಹಾಕಬಹುದು ಎಂದು ಪ್ರೊಫೆಸರು ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಓಡಿಹೋಗಿ ಗಿರಿಜಾಳಿಗೆ ವಿವರಿಸಿದೆ. ಅವಳು ಕಡಲೆ ಹಸನು ಮಾಡುತ್ತ ಕೂತಿದ್ದಳು. ಎಲ್ಲವನ್ನೂ ಕೇಳಿ, "ಹೌದೇನ್ರಿ? ಇದಕ್ಕೂ ಪುಸ್ತಕ ಬರದಾರೇನು?" ಎಂದು ಕೇಳಿ, ಮೊರದಲ್ಲಿನ ಹರಳನ್ನು ಆರಿಸಿ ಎಸೆದಳು.

ಆ ಹೊತ್ತಿಗೆ ಕಂಪನಿಯವರು ಕಾದು ಕಾದು ಬೇಸತ್ತು ತಮ್ಮ ನಕ್ಷೆಯನ್ನೇ ಬದಲಿಸಿದ್ದರು. ಯಂತ್ರಗಳೆಲ್ಲ ಹಳ್ಳದ ಆಚೆ ಹೋದವು. ಅಲ್ಲಿಯೂ ಕಾಕಾನದೊಂದು ಹೊಲವಿತ್ತು. ಕಾಕಾಗೆ ಬೇಕಾಗಿದ್ದ ಯಂತ್ರ ಅಲ್ಲೇ ನಿಂತಿತು. ಕಾಕಾ ಪೇಢೆ ತಂದು ನನ್ನ ಬಾಯಿಗೆ ಹಾಕಿ, "ಅಳಿಯಂದ್ರ, ನೀವು ಗಡಬಡಿ ಮಾಡಲಿಲ್ಲ, ಭಾಳ ಛಲೋ ಆತು" ಎಂದರು. ನಾನು ಏನು ಮಾಡಿದೆನೆಂದು ನನಗೇ ತಿಳಿಯದೆ ಪೇಢೆ ನುಂಗಿದೆ. ಮುಂದೆ ಕೆಲವೇ ದಿನಕ್ಕೆ ನಾನು ಪಾಸಾದ ಸುದ್ದಿಯೂ ಬಂತು. ಒಳ್ಳೆಯ ದರ್ಜೆ. ಗಿರಿಜಾಳಿಗೆ ಹೇಳಿದರೆ ಅವಳ ಮುಖ ಸಣ್ಣದಾಯಿತು. "ಮುಗದ ಬಿಟ್ಟತೇನ್ರಿ? ಇನ್ನೊಂದು ಯಾವುದರ ಇಲ್ಲೇನು, ಇದಕ್ಕಿಂತ ಉದ್ದಂದು?" ಎಂದು ಕೇಳಿದಳು. ಆಗ ನನಗೆ ದ್ಯಾಮವ್ವನ ಗುಡಿ ನೆನಪಾಯಿತು. ಆ ಗಂಧ, ಆ ಗಟ್ಟಿ ಗಂಧ. ಮರುದಿನ ಪೂಜಾರಿ ಹೂವನ್ನು ಉಗುರಿನಿಂದ ಕಿತ್ತು ತೆಗೆದನೆಂದು ಓಣಿಯಲ್ಲಿ ಮಾತಾಗಿತ್ತು. ಎರಡು ವರ್ಷ ನಾನು ಅವಳಿಗಾಗಿ ಉತ್ತರ ಹುಡುಕುತ್ತಿದ್ದೇನೆ ಎಂದುಕೊಂಡಿದ್ದೆ. ಅವಳಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಉತ್ತರ ಕೊಡದ ನಾನು. ಮೊದಲು ಸಿಟ್ಟು ಬಂತು. ಆಮೇಲೆ ನಗು ಬಂತು. ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

ಈ ಸಲದ ಸೀಗಿ ಹುಣ್ಣಿಮೆಗೆ ಬನ್ನಿಗಿಡದ ಕೆಳಗೆ ಎಲ್ಲರೂ ಉಣ್ಣಲು ಕೂಡುತ್ತಿರುವಾಗ ಹೊಲದ ಬದುವಿನ ಹತ್ತಿರ ಹೊಸದೊಂದು ಜೀಪು ಬಂದು ನಿಂತಿತು. ಇಳಿದ ಗೃಹಸ್ಥರು ಬೇರೆ ಕಂಪನಿಯವರು, ಸೋಲಾರದವರು. ಈ ಹೊಲದಷ್ಟು ಛಲೋ ಬಿಸಿಲು ಬೇರೆ ಎಲ್ಲಿಯೂ ಬೀಳುವುದಿಲ್ಲವೆಂದು ಅವರ ನಕ್ಷೆ ಹೇಳುತ್ತಿತ್ತು. ಗಿರಿಜಾ ಕಡುಬಿನ ಬುಟ್ಟಿ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, "ನಮ್ಮ ಮನಿಯವ್ರು ಇನ್ನೂ ಓದಾಕತ್ತಾರ್ರಿ. ಬಿಸಲಿನ ಕೋರ್ಸಿಗೆ ಈಗ ಹೆಸರು ಹಚ್ಚ್ಯಾರ" ಎಂದಳು. ನಾನು ಯಾವುದಕ್ಕೂ ಹೆಸರು ಹಚ್ಚಿರಲಿಲ್ಲ. ಕಾಕಾ ಬೇರೆ, "ಹೌದ್ರಿ ಸಾಹೇಬ್ರ, ನಮ್ಮ ಅಳಿಯಂದ್ರು ಪೂರಾ ಓದದ ಒಂದ ಮಾತ ಆಡಂಗಿಲ್ಲ" ಎಂದು ಅಭಿಮಾನದಿಂದ ಸಾಕ್ಷಿ ನುಡಿದರು. ಸಾಹೇಬರು ನನ್ನ ಕಡೆ ತಿರುಗಿ, "ಎಷ್ಟ ವರ್ಷದ್ದರಿ ಸರ, ಕೋರ್ಸು?" ಎಂದು ಕೇಳಿದರು. ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಜನ್ಮದಲ್ಲಿ ಮೊದಲ ಸಲ, ಯಾವ ವಿಚಾರವನ್ನೂ ಮಾಡದೆ, ಬಾಯಿ ತೆರೆದ ಕೂಡಲೇ ಉತ್ತರ ಕೊಟ್ಟೆ: "ಭಾಳ ವರ್ಷದ್ದೈತ್ರಿ."

ಜೀಪು ಹೋಯಿತು. ಗಿರಿಜಾ ತನ್ನ ಅಪ್ಪನ ಎಲೆಯ ಪಕ್ಕದಲ್ಲೇ ನನಗೂ ಒಂದು ಎಲೆ ಹಾಕಿದಳು. ಅವರು ತೀರಿಕೊಂಡ ಮೇಲೆ ಆ ಸಾಲಿನಲ್ಲಿ ಯಾರೂ ಕೂತಿರಲಿಲ್ಲ. ಅವಳು ಬುಟ್ಟಿ ಹಿಡಿದು ಬಗ್ಗಿ, "ಕಡಬ ನೀಡ್ಲೋ, ಹೋಳಿಗಿ ನೀಡ್ಲೋ?" ಎಂದು ಕೇಳಿದಳು. ನಾನು ಕಡುಬನ್ನು ನೋಡಿದೆ, ಹೋಳಿಗೆಯನ್ನು ನೋಡಿದೆ, ಆಕಾಶದಲ್ಲಿನ ಮೋಡವನ್ನು ನೋಡಿದೆ. ನನ್ನ ನಂತರ ಕೂತವರೆಲ್ಲ ಉಂಡು ಎದ್ದು ಕೈ ತೊಳೆದುಕೊಂಡರು.