ಬೆಳಗಾವಿಯಿಂದ ಬಜ್ಪೆಗೆ ಒಂದು ನೂಲು

ಹೊತ್ತಿನ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಮೂಡಬಿದಿರೆಯಲ್ಲೇ ಇಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದ ಕಾಲವದು. ಹಾಲು ಯಾವಾಗ ಉಕ್ಕುತ್ತದೆ, ಬಂಟ್ವಾಳದ ಬಸ್ಸು ಎಲ್ಲಿ ಕೆಟ್ಟು ನಿಲ್ಲುತ್ತದೆ, ಎಲ್ಲವೂ ನನಗೆ ಗೊತ್ತು. ಹೀಗಿರುವಾಗ, ನಮ್ಮ ಮಗಳು ವಿಜಯಾಳನ್ನು ನೋಡಲು ಹುಡುಗನ ತಂದೆ ಬೆಳಗಾವಿಯಿಂದ ಬರುತ್ತಾರೆಂದು ಸುದ್ದಿ ಬಂತು. ಅದೂ ವಿಮಾನದಲ್ಲಿ! ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದವರನ್ನೇ ನಾವು ದಣಿದಿರೆಂದು ಎರಡು ದಿನ ಉಳಿಸಿಕೊಳ್ಳುತ್ತಿದ್ದೆವು.

ಕಷ್ಟ ಒಂದೇ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ಅವರಂತೂ ನೀರನ್ನೂ ಮುಟ್ಟರಂತೆ. ಸಂಬಂಧದ ಮಾತಿಗೆ ಬಂದವರು ನಮ್ಮಲ್ಲಿ ಉಪವಾಸ ಮಲಗಿದರೆ ಸಂಬಂಧ ಕುದುರೀತೆ?

ವಿಜಯಾಳ ಶಾಲೆಯ ನಕ್ಷೆ ಹರಡಿ, ಬೆಳಗಾವಿಯಿಂದ ವಿಮಾನ ಇಳಿಯುವ ಬಜ್ಪೆಗೆ ಹೊಲಿಗೆಯ ನೂಲು ಎಳೆದೆ. ಹತ್ತಿರ ಹತ್ತಿರ ಇನ್ನೂರು ಮೈಲು. ವಿಮಾನದ ವೇಗವನ್ನು ಅವಳ ಶಾಲೆಯ ಮಾಸ್ಟ್ರ ಹತ್ತಿರ ಕೇಳಿ ಭಾಗಿಸಿದೆ. ಒಂದೂವರೆ ಗಂಟೆ! ನನ್ನ ಕಡಲೆಬೇಳೆ ಬೇಯುವಷ್ಟರಲ್ಲಿ ಒಬ್ಬ ಮನುಷ್ಯ ಅಷ್ಟು ನದಿಗಳನ್ನು ದಾಟಿ ಬರುತ್ತಾನೆಂದರೆ! ನೂಲನ್ನು ಮತ್ತೊಮ್ಮೆ ಎಳೆದು ನೋಡಿದೆ.

“ಬಜ್ಪೆಯಿಂದ ಇಲ್ಲಿಗೆ?” ಎಂದು ನಮ್ಮವರು ಕೇಳಿದರು.

“ಬಜ್ಪೆ ಇಲ್ಲೇ ಉಂಟಲ್ಲ. ವಿಮಾನ ಕಂಡ ಮೇಲೆ ಹೊರಟರೆ ಸಾಕು. ಬಾಡಿಗೆ ಕಾರನ್ನು ಅಲ್ಲಿ ಯಾಕೆ ಸುಮ್ಮನೆ ಕಾಯಿಸುವುದು?”

“ನಿನ್ನ ನೂಲಿಗೆ ತಿರುವು ಇಲ್ಲ ಮಾರಾಯ್ತಿ, ಮಾರ್ಗಕ್ಕೆ ಉಂಟು” ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ದಿನ ಮಧ್ಯಾಹ್ನ ಕಳೆದು, ನಾನು ಹೇಳಿದ ಹೊತ್ತಿಗೇ ಪಡುವಣದಲ್ಲಿ ಬೆಳ್ಳಿಯ ಚುಕ್ಕಿ ಕಾಣಿಸಿತು. ಎದುರುಮನೆಯ ಸೀತಕ್ಕ ಕೈಮುಗಿದರು. ವಿಮಾನಕ್ಕೋ, ನನಗೋ ತಿಳಿಯಲಿಲ್ಲ. ನಾನಂತೂ ನನಗೇ ಎಂದುಕೊಂಡೆ. ನಮ್ಮವರು ಕಾರು ಹತ್ತಿದರು. ನಾನು ಬಾಳೆಲೆ ಹಾಕಿ, ಹೋಳಿಗೆಗೆ ತುಪ್ಪ ಸವರಿದೆ.

ತುಪ್ಪ ಹೆಪ್ಪುಗಟ್ಟಿತು. ಹೊತ್ತು ಇಳಿಯಿತು. ಇನ್ನೂರು ಮೈಲು ಒಂದೂವರೆ ಗಂಟೆಯಲ್ಲಿ ಮುಗಿದಿತ್ತು. ‘ಇಲ್ಲೇ’ ಮಾತ್ರ ಮುಗಿಯಲಿಲ್ಲ! ಕಾರು ಬಾಗಿಲಿಗೆ ಬಂದಾಗ ದೀಪ ಹಚ್ಚಿಯಾಗಿತ್ತು. ದಾರಿಯುದ್ದಕ್ಕೂ ನಮ್ಮವರು ನನ್ನ ನೂಲಿನ ಲೆಕ್ಕವನ್ನೇ ಹೇಳಿಕೊಂಡು ಬಂದಿದ್ದರಂತೆ.

ಹುಡುಗನ ತಂದೆ ಬಾಳೆಲೆ ನೋಡಿದರು, ಆಕಾಶ ನೋಡಿದರು, ಊಟ ಬೇಡವೆಂದು ಕೈಮುಗಿದರು. ಅತಿಥಿ ಉಣ್ಣದೆ ನಾವು ಉಣ್ಣುವಂತಿಲ್ಲವೆಂದು ಕಾದಿದ್ದ ನಮಗೂ ಉಪವಾಸವೇ. ಹೋಳಿಗೆಯೆಲ್ಲ ಸೀತಕ್ಕನ ಮನೆಗೆ ಹೋಯಿತು. ಇಂಥ ವಿಮಾನ ವಾರಕ್ಕೊಂದು ಬಂದರೂ ಅಡ್ಡಿಯಿಲ್ಲವೆಂದು ಅವರು ಹೇಳಿ ಕಳುಹಿಸಿದರು.

ಆದರೂ ಹುಡುಗನ ತಂದೆ ಮೇಲಿಂದ ಕಂಡದ್ದನ್ನು ಹೇಳತೊಡಗಿದಾಗ ಹಸಿವು ಮರೆತುಹೋಯಿತು. ಶರಾವತಿ ಸೀರೆಯ ಅಂಚಿನಷ್ಟೇ ಅಗಲವಂತೆ. ಮೋಡದ ನೆರಳು ಗುಡ್ಡದ ಮೇಲೆ ದನದಂತೆ ಮೇಯುತ್ತಿತ್ತಂತೆ. ನಾವೆಲ್ಲ ಬಾಯಿ ತೆರೆದೇ ಕೇಳಿದೆವು. ತೆರೆದ ಬಾಯಿಗೆ ಬೇರೆ ಕೆಲಸವೂ ಇರಲಿಲ್ಲವೆನ್ನಿ.

ಬೆಳಗ್ಗೆ ಬಿಸಿಲೇರಿದ ಮೇಲೆ ಅವರು ಹೊಟ್ಟೆತುಂಬ ಉಂಡು, ವಿಜಯಾಳನ್ನು ಹತ್ತಿರ ಕರೆದು ಮಾತಾಡಿಸಿದರು. ನಾನು ಬಾಗಿಲ ಬಳಿ ಕಿವಿಗೊಟ್ಟು ನಿಂತಿದ್ದೆ.

“ಹುಡುಗಿ ನಮಗ ಒಪ್ಪಿಗಿ ಐತ್ರಿ, ಅಕ್ಕಾರ” ಎಂದರು. “ಮುಹೂರ್ತದ ಹೊತ್ತು ಮಾತ್ರ ನೀವು ಲೆಕ್ಕ ಹಾಕಬ್ಯಾಡ್ರಿ.”