ಕತ್ತಲೆಕೋಣೆಯ ಕೆಂಪು ದೀಪ

ನನ್ನ ಕತ್ತಲೆಕೋಣೆಯನ್ನು ನನ್ನ ಅತ್ತೆ ಆಕ್ರಮಿಸಿಕೊಂಡಿದ್ದರು ಎಂದರೆ ನಂಬುತ್ತೀರಾ? ತೀರ್ಥಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟವನು ನಾನು. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಹೊಸನಗರದಿಂದ ಬಂದ ಅತ್ತೆ ಬಂಗಾರಮ್ಮನವರಿಗೆ ಮಂಡಿನೋವು, ಮೆಟ್ಟಿಲು ಹತ್ತಲಾರರು. ಕೆಳಗೆ ಫೋಟೋ ತೊಳೆಯುವ ಆ ಕತ್ತಲೆಕೋಣೆಯಲ್ಲೇ ಹಾಸಿಗೆ ಹಾಸಿದೆವು. ಗಿರಾಕಿ ವಾಸಪ್ಪನ ಮಗಳ ಮದುವೆ ಫೋಟೋಗಳು ತೊಳೆಯದೆ ಫಿಲ್ಮ್ ಸುರುಳಿಯೊಳಗೇ ಉಳಿದವು. ಆತ ದಿನಾ ಬಂದು ಬಾಗಿಲು ತಟ್ಟುವುದು, "ಕೋಣೇಲಿ ರೋಗಿ ಇದಾರೆ, ನಾಳೆ ಬನ್ನಿ" ಎಂದು ನಾನು ಸಾಗಹಾಕುವುದು.

ಮಂಡಿ ವಾಸಿಯಾದರೆ ಕೋಣೆ ನನ್ನದು. ಡಾಕ್ಟರನ್ನು ಕಾಡಿ ಬೇಡಿ ಶಾಖ ಕೊಡುವ ಕೆಂಪು ದೀಪ ತಂದೆ. ಎಷ್ಟು ದೂರ ಇಡಬೇಕೆಂದು ಅವರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. (ಬೆಳಕಿನ ವಿಷಯ ನನಗೆ ಹೇಳಿಕೊಡುವುದೇ! ಫೋಟೋ ತೊಳೆಯುವಾಗ ಹಚ್ಚುವ ಕೆಂಪು ದೀಪವೆಂದರೆ ಫೋಟೋ ಕಾಗದವನ್ನೂ ನೋಯಿಸದ ಸಾಧು.)

ಬೆಳಕು ಅಳೆಯುವ ಮೀಟರನ್ನು ದೀಪದೆದುರು ಹಿಡಿದೆ. ಮುಳ್ಳು ಒಂಚೂರು ಅಲುಗಿ ಸುಮ್ಮನಾಯಿತು.

"ಪಾಪದ ದೀಪ ಕಣೇ, ಗೇಣು ದೂರಕ್ಕಿಡು" ಎಂದು ಅಪ್ಪಣೆ ಕೊಡಿಸಿದೆ.

"ರೀ, ಅದು ಬೆಳಕು ಅಳೆಯೋ ಯಂತ್ರ. ಬಿಸಿ ಅದಕ್ಕೆಂಥ ಗೊತ್ತಾಗ್ತದೆ?" ಎಂದಳು ಹೆಂಡತಿ ಜಲಜ. "ತಡೀರಿ, ನಮ್ಮಮ್ಮನ ಕಾಲು ಅದು!"

ಬಾಳೆಲೆ ತುಂಡುಗಳಲ್ಲಿ ಬೆಣ್ಣೆಯಿಟ್ಟು ದೀಪದೆದುರು ಸಾಲಾಗಿ ಜೋಡಿಸಿದಳು. ಹತ್ತಿರದ್ದು ಕರಗಿ ಹರಿಯಿತು. ಮೊಳದಾಚೆಯದು ಮೆತ್ತಗಾಗಿ ನಿಂತಿತು. ಕೂಸಿನ ಸ್ನಾನದ ನೀರು ನೋಡುವಂತೆ ಅಲ್ಲಿ ಮೊಣಕೈ ಹಿಡಿದು, ಚುರುಗುಟ್ಟುವುದಿಲ್ಲವೆಂದು ಖಾತ್ರಿಯಾದ ಮೇಲೇ ತಾಯಿಯ ಮಂಡಿಗೆ ಅಪ್ಪಣೆ. ಕಣ್ಣಿಗೆ ಒದ್ದೆ ಬಟ್ಟೆ ಬೇರೆ! ಎಂಥ ಹೆಂಗಸಪ್ಪಾ ಇವಳು, ಪ್ರಯೋಗಶಾಲೆಯಲ್ಲಿರಬೇಕಾದವಳು ಅಂತ ಹೆಮ್ಮೆಪಟ್ಟೆ. ಬಾಯಿಬಿಟ್ಟು ಹೇಳಲಿಲ್ಲ, ಮೀಟರಿನ ಮರ್ಯಾದೆ ಇತ್ತಲ್ಲ.

ಕೆಲವೇ ದಿನಗಳಲ್ಲಿ ಅತ್ತೆ ಗೋಡೆ ಹಿಡಿಯದೆ ನಡೆದರು.

"ಮೀಟರಿನ ಮಾತು ಕೇಳಿದ್ದರೆ ಮೊದಲ ದಿನವೇ ಓಡ್ತಿದ್ರು" ಎಂದೆ.

"ಹೌದಾ? ನಿಮಗೂ ಮಂಡಿ ಉಂಟಲ್ಲ!" ಎಂದಳು ಜಲಜ.

ದೀಪವನ್ನು ಇಟ್ಟೇಬಿಟ್ಟೆ, ನನ್ನ ಮಂಡಿಯಿಂದ ಗೇಣು ದೂರಕ್ಕೆ. ಬಿಸಿ ಏರಿತು, ಮುಳ್ಳು ಏರಲಿಲ್ಲ. ಮುಳ್ಳನ್ನೇ ನಂಬಿ ಹಲ್ಲು ಕಚ್ಚಿ ಕುಳಿತೆ. ಆಮೇಲೆ ನಾನು ಕೂಗಿದ್ದು ತುಂಗೆಯ ಆಚೆ ದಡಕ್ಕೂ ಕೇಳಿಸಿತಂತೆ.

ಗುಳ್ಳೆ ಎದ್ದ ಮಂಡಿಯಲ್ಲಿ ಮೆಟ್ಟಿಲು ಹತ್ತುವುದುಂಟೇ? ಅತ್ತೆಯ ಹಾಸಿಗೆಗೇ ನನ್ನನ್ನು ಉರುಳಿಸಿದರು.

"ಅಳಿಯಂದಿರೇ, ಕದಲಬೇಡಿ. ಇಲ್ಲಿ ಕತ್ತಲೆ ಚೆನ್ನಾಗಿದೆ, ಒಳ್ಳೆ ನಿದ್ದೆ ಬರ್ತದೆ" ಎಂದು ಬಂಗಾರಮ್ಮ ದಡದಡನೆ ಮೆಟ್ಟಿಲು ಹತ್ತಿ ಹೋದರು.

ಅಷ್ಟರಲ್ಲಿ ವಾಸಪ್ಪ ಬಾಗಿಲು ತಟ್ಟಿದ. ಜಲಜಳ ದನಿ ಕೇಳಿಸಿತು.

"ಕೋಣೇಲಿ ರೋಗಿ ಇದಾರೆ, ನಾಳೆ ಬನ್ನಿ. ಮೊದಲಿನೋರಲ್ಲ, ಇವರು ಬೇರೆಯೋರು."