ಕಡೇ ತೂಬಿಗೆ ಇಂಟರ್‌ನೆಟ್

ಇಂಟರ್‌ನೆಟ್ಟಿನಲ್ಲಿ ಹೂಳು ತುಂಬಿದೆ ಎಂದು ಮೊಟ್ಟಮೊದಲು ಕಂಡುಹಿಡಿದವರು ನಮ್ಮ ಭಾವ. ನೀವು ನಗಬಹುದು. ಅವರ ಮುಂದೆ ಮಾತ್ರ ನಗಬೇಡಿ. ನಕ್ಕವರನ್ನು ಕೂರಿಸಿಕೊಂಡು ಕಾಲುವೆಯ ಹೂಳೆತ್ತುವ ಕ್ರಮವನ್ನು ಮೊದಲಿನಿಂದ ವಿವರಿಸುತ್ತಾರೆ. ಅಷ್ಟರಲ್ಲಿ ನಿಮ್ಮ ಚಹಾ ಆರಿರುತ್ತದೆ, ಬಸ್ಸೂ ಹೋಗಿರುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹೊಸಪೇಟೆಯವರು. ಕಾಲುವೆಯ ಮೇಲ್ವಿಚಾರಕರಾಗಿ ದುಡಿದು ನಿವೃತ್ತರಾದವರು. ಸೇವೆಯಲ್ಲಿದ್ದಷ್ಟು ಕಾಲವೂ ಅವರದು ಒಂದೇ ಪ್ರಶ್ನೆ: "ಕಡೇ ತೂಬಿಗೆ ನೀರು ಮುಟ್ಟೈತೇನು?" ಗೇಟು ಎತ್ತಿಸಿ ಕಚೇರಿಯಲ್ಲಿ ಕೂರುವ ಪೈಕಿಯಲ್ಲ. ಸೈಕಲ್ ಹತ್ತಿ ಕಾಲುವೆಯ ಏರಿಯ ಮೇಲೆ ಹೊರಟರೆ, ಕಂಪ್ಲಿ ಕಡೆಯ ಕೊನೆಯ ಗದ್ದೆಯ ತೂಬಿನಲ್ಲಿ ಕೈ ಅದ್ದಿ ನೋಡಿದ ಮೇಲೆಯೇ ಊಟ. ನಿವೃತ್ತಿಯಾದ ಮೇಲೆ ಸೈಕಲ್ ಮೂಲೆಗೆ ಸೇರಿತು, ಪ್ರಶ್ನೆ ಸೇರಲಿಲ್ಲ. ಮದುವೆಯ ಊಟಕ್ಕೆ ಹೋದರೆ ಪಂಕ್ತಿಯ ಮೊದಲ ಎಲೆಯತ್ತ ತಿರುಗಿಯೂ ನೋಡುವುದಿಲ್ಲ. ನೇರವಾಗಿ ಕೊನೆಯ ಎಲೆಗೆ ಹೋಗಿ ಬಗ್ಗಿ, "ಇಲ್ಲೀತನಕ ಸಾರು ಮುಟ್ಟೈತೇನ್ರಿ?" ಎನ್ನುತ್ತಾರೆ. ಬಡಿಸುವ ಹುಡುಗರು ಅವರನ್ನು ಕಂಡರೆ ಬಕೆಟ್ ಹಿಡಿದು ಓಡುತ್ತಾರೆ!

ಇಂಥವರ ಮನೆಗೆ ಫೋನಿನ ತಂತಿಯಿಂದ ಇಂಟರ್‌ನೆಟ್ ಎಳೆಯುವ ಮೋಡೆಮ್ ಬಂದದ್ದು ಅಕ್ಕನಿಗಾಗಿ. ಗಂಟಲಿನ ಆಪರೇಷನ್ ಆದ ಮೇಲೆ ಅವಳ ಧ್ವನಿ ಹೋಯಿತು. ಅದಕ್ಕೆ ಮುಂಚೆ ಪ್ರತಿ ಭಾನುವಾರ ಬೆಳಿಗ್ಗೆ ಸಂಡೂರಿನ ನನ್ನ ಮನೆಗೆ ಫೋನ್ ಮಾಡಿ ನನ್ನನ್ನು ವಿಚಾರಿಸಿಕೊಳ್ಳುತ್ತಿದ್ದಳು. ವಿಚಾರಿಸಿಕೊಳ್ಳುವುದೆಂದರೆ ಬೈಯುವುದು. ಧ್ವನಿ ಹೋದ ಮೇಲೂ ಭಾನುವಾರ ಫೋನ್ ಬರುತ್ತಿತ್ತು. ನಾನು ಪ್ರಶ್ನೆ ಕೇಳಬೇಕು, ಅವಳು ರಿಸೀವರಿನ ಮೇಲೆ ಉಗುರಿನಿಂದ ಕುಟ್ಟಬೇಕು. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ. ನೀವೇ ಹೇಳಿ, ಇಷ್ಟರಲ್ಲಿ ಒಬ್ಬ ತಮ್ಮನನ್ನು ಎಷ್ಟು ಬೈಯಲು ಸಾಧ್ಯ? ಬರಬರುತ್ತಾ ಕುಟ್ಟುವುದೂ ಕಡಿಮೆಯಾಯಿತು. ಸ್ಲೇಟು ಕೊಟ್ಟರೆ ಅದರ ಮೇಲೆ ಅಕ್ಕಿ, ಎಣ್ಣೆ, ಬೆಲ್ಲ ಬಿಟ್ಟು ಬೇರೇನೂ ಕಾಣಿಸುತ್ತಿರಲಿಲ್ಲ. ಕಾಗದ ಬರೆಯಬಾರದೇ ಎಂದೆ. "ಬೈದದ್ದು ಮೂರು ದಿನ ಬಿಟ್ಟು ಮುಟ್ಟಿದರ ಏನು ಬಂತು?" ಎಂದು ಬರೆದು ತೋರಿಸಿ, ಅದನ್ನೂ ಸೆರಗಿನಿಂದ ಒರೆಸಿಬಿಟ್ಟಳು.

"ಮಾತೆಲ್ಲ ಒಳಗ ಕಟ್ಟಿಕೊಂಡೈತಿ ಮಾಸ್ತರ" ಎಂದರು ಭಾವ, ಶಾಲೆಯ ಮೇಷ್ಟ್ರಾದ ನನಗೆ. "ಎಲ್ಲ್ಯಾರ ಒಂದು ತೂಬು ತೆಗೀಬೇಕು."

ಹೊಸಪೇಟೆಗೆ ಇಂಟರ್‌ನೆಟ್ ಆಗತಾನೇ ಬಂದಿತ್ತು. ನನ್ನ ಸೊಸೆ ಸಂಡೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಾಳೆ. "ಈಮೇಲ್ ಇದ್ದರ ಅತ್ತೆ ಬೇಕಾದಷ್ಟು ಮಾತಾಡಬೌದು, ಆ ಕ್ಷಣಕ್ಕ ಮುಟ್ತೈತಿ" ಎಂದಳು. 'ಮುಟ್ತೈತಿ' ಎಂಬುದು ಕಿವಿಗೆ ಬಿದ್ದದ್ದೇ ತಡ, ಭಾವ ಕಂಪ್ಯೂಟರನ್ನು ಆಟೋದಲ್ಲಿ ಹೇರಿಕೊಂಡು, ಮೋಡೆಮ್ಮನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದರು. ಅಕ್ಕ ಮದುವೆಗೆ ಮುಂಚೆಯೇ ಟೈಪಿಂಗ್ ಪರೀಕ್ಷೆ ಪಾಸು ಮಾಡಿದವಳು. ಬೆರಳುಗಳು ಸಿದ್ಧವಾಗಿದ್ದವು. ಆಗಬೇಕಾದದ್ದು ಸಂಪರ್ಕ ಒಂದೇ.

ನಾನು ಮೊದಲ ಬಸ್ಸಿಗೆ ಹೋದೆ. ಕೈಪಿಡಿಯನ್ನು ಮೊದಲ ಪುಟದಿಂದ ಓದಿದೆ; ಭಾವ ಕೊನೆಯ ಪುಟದಿಂದ ಓದಿದರು. ಮೋಡೆಮ್ಮಿಗೆ ಜೀವ ಬಂತು, ದೀಪಗಳು ಮಿಣುಕಿದವು. ಆದರೆ ಪರದೆಯ ಮೇಲೆ 'ಡಯಲ್ ಟೋನ್ ಇಲ್ಲ' ಎಂಬ ಸಂದೇಶ.

"ಹೂಳು" ಎಂದರು ಭಾವ.

ಸೊಸೆಯನ್ನು ಕೇಳೋಣವೆಂದು ಫೋನ್ ಮಾಡಿದೆವು. "ಮಾಮಾ, ವಯರ್ ಮೋಡೆಮ್ಮಿನ ಯಾವ ತೂತಿನಾಗ ಹಾಕೀರಿ?" ಎಂದಳು.

ಭಾವ ಬಗ್ಗಿ ನೋಡಿದರು. "ಯಾವುದರಾಗೂ ಇಲ್ಲಲ್ಲವಾ!"

ಇರುವುದಾದರೂ ಹೇಗೆ? ಅದನ್ನು ಕಿತ್ತು ಫೋನಿಗೆ ಸಿಕ್ಕಿಸಿಯೇ ಅಲ್ಲವೇ ಅವಳೊಂದಿಗೆ ಮಾತಾಡುತ್ತಿದ್ದದ್ದು! ವಯರ್ ಮೋಡೆಮ್ಮಿನಲ್ಲಿದ್ದರೆ ಕೇಳುವಂತಿಲ್ಲ, ಕೇಳಬೇಕಾದರೆ ಮೋಡೆಮ್ಮಿನಲ್ಲಿ ವಯರ್ ಇರುವಂತಿಲ್ಲ. ಕಡೆಗೆ ಅವಳೇ, "ಫೋನಿನ ಚಿತ್ರ ಇರೋ ತೂತು ಬ್ಯಾಡ್ರಿ, ಅದರ ಪಕ್ಕದಾಗ ಹಾಕ್ರಿ" ಎಂದಳು. ಹಾಕಿದೆವು. ಅಕ್ಕಿ ಗಿರಣಿಯ ಬೆಲ್ಟು ಜಾರಿದಂತೆ ಮೋಡೆಮ್ ಕಿರುಚಿತು, ಗರಗರ ಎಂದಿತು, ಸುಮ್ಮನಾಯಿತು. ಸಂಪರ್ಕ! ಅಕ್ಕ ಕುರ್ಚಿ ಎಳೆದುಕೊಂಡು ಬೆರಳು ನೀಡುವುದರೊಳಗೆ ಕಡಿದೂ ಹೋಯಿತು.

"ಮ್ಯಾಲಿನವ್ರು ಯಾರೋ ಎಳ್ಕೊಳ್ಳಾಕತ್ತಾರ" ಎಂದು ಭಾವ ಛತ್ರಿ ಹಿಡಿದು ಎದ್ದರು. ಕಾಲುವೆಯ ಮೇಲ್ಭಾಗದಲ್ಲಿ ಪೈಪು ಹಾಕಿ ನೀರು ಕದಿಯುವವರನ್ನು ಹಿಡಿದು ಪಳಗಿದ ಕಣ್ಣು! ತಮ್ಮ ಮನೆಯ ಟೆಲಿಫೋನ್ ತಂತಿಯನ್ನು ದಿಟ್ಟಿಸುತ್ತಾ ಆಕಾಶ ನೋಡಿಕೊಂಡು ನಡೆದರು. ಎದುರು ಬಂದವರೂ ವಿಮಾನವೇನೋ ಎಂದು ತಲೆ ಎತ್ತಿದರು. ಬೀದಿಯ ತಿರುವಿನಲ್ಲಿ ತಂತಿ ಜೋತುಬಿದ್ದಿತ್ತು. ಅದಕ್ಕೆ ದರ್ಜಿಯೊಬ್ಬ ಹ್ಯಾಂಗರಿನಲ್ಲಿ ಅಂಗಿಗಳನ್ನು ನೇತುಹಾಕಿದ್ದ.

"ಏನಪಾ, ನಮ್ಮ ಲೈನಿನಿಂದ ಎಷ್ಟು ದಿನಾತು ಎಳ್ಕೊಳ್ಳಾಕತ್ತಿ?"

"ಎಳಿಯೋದೇನ್ರಿ ಸಾಹೇಬ್ರ, ಒಣಗ್ಸಾಕತ್ತೀನಿ!"

ಅಂಗಿಗಳು ಇಳಿದವು. ಆದರೂ ಸಂಪರ್ಕ ಉಳಿಯಲಿಲ್ಲ.

ಆಮೇಲೆ ಭಾವನ ಅನುಮಾನ ನೆರೆಹೊರೆಯ ಮೇಲೆ ಹೊರಳಿತು. ಅರ್ಧ ಬೀದಿಯವರು ತಮ್ಮ ನೆಂಟರಿಗೆಲ್ಲ ಭಾವನ ನಂಬರನ್ನೇ ಕೊಟ್ಟಿದ್ದರು. ಅವರ ಕರೆಗಳೇ ನಡುವೆ ನುಗ್ಗಿ ಕಡಿಯುತ್ತಿವೆ ಎಂದು ತೀರ್ಮಾನಿಸಿ ಸರದಿ ಗೊತ್ತುಮಾಡಿದರು. ಕಾಲುವೆಯ ಪದ್ಧತಿಯಂತೆ ಮನೆಯ ಗೇಟಿಗೆ ಕೆಂಪು ಬಾವುಟ: ಬಾವುಟ ಹಾರುತ್ತಿದ್ದರೆ ಲೈನು ಅಕ್ಕನದು, ಇಳಿಸಿದರೆ ಬೀದಿಯದು. ಬೀದಿಯವರು ಒಪ್ಪಿದರು. ಆದರೆ ಬಾವುಟ ಏರಿದ ಸ್ವಲ್ಪ ಹೊತ್ತಿಗೆ ಯಶವಂತನಗರದ ಗಣಿ ಕಾರ್ಮಿಕರಿಬ್ಬರು ಒಳಗೆ ಬಂದು ಚಪ್ಪಲಿ ಬಿಟ್ಟು ಕೂತರು.

"ಯೂನಿಯನ್ ಆಫೀಸ್ ಇಲ್ಲಿಗೆ ಬಂದೈತೇನ್ರಿ? ಮೀಟಿಂಗ್ ಎಷ್ಟೊತ್ತಿಗೆ?"

ಅವರಿಗೂ ಚಹಾ ಆಯಿತು, ಹೂಳಿನ ವಿವರಣೆಯೂ ಆಯಿತು.

ನಾನು ಗಂಟೆ ಬಾರಿಸಿದರೆ ಎದ್ದು, ಗಂಟೆ ಬಾರಿಸಿದರೆ ಕೂರುವ ವಸತಿಶಾಲೆಯಲ್ಲಿ ಬೆಳೆದವನು. ನನ್ನ ಕೆಲಸವೆಲ್ಲ ಕ್ರಮದಲ್ಲಿ. ವಯರ್ ಬದಲಿಸಿದೆ, ನೋಡಿದೆ. ಪ್ಲಗ್ ಬದಲಿಸಿದೆ, ನೋಡಿದೆ. ಪ್ರತಿ ಸಲವೂ ಮೋಡೆಮ್ ಕಿರುಚಿ, ಸಂಪರ್ಕ ಬಂದು, ಹೋಗುತ್ತಿತ್ತು. ಅಕ್ಕ ಚಪ್ಪಾಳೆ ತಟ್ಟಿದಳು. "ತಡೀ ಅಕ್ಕ" ಎಂದೆ, ತಲೆ ಎತ್ತದೆ. ಮತ್ತೆ ತಟ್ಟಿದಳು. "ಒಂದು ನಿಮಿಷ" ಎಂದೆ. ಸ್ಲೇಟಿನ ಬಳಪ ಬಂದು ನನ್ನ ಬೆನ್ನಿಗೆ ಬಡಿಯಿತು. ತಿರುಗುವಷ್ಟರಲ್ಲಿ ಅಕ್ಕ ಒಳಕೋಣೆಗೆ ನಡೆದಿದ್ದಳು. ಬಂದಾಗ ಒಂದು ಕೈಯಲ್ಲಿ ಭಾವನ ಮುಂಗೈ, ಇನ್ನೊಂದು ಕೈಯಲ್ಲಿ ನನಗೆ ಗೊತ್ತೇ ಇರದಿದ್ದ ಒಳಕೋಣೆಯ ಎರಡನೇ ಫೋನು, ಅದರ ವಯರ್ ನೆಲದ ಮೇಲೆ ಹಿಂದೆ ಎಳೆದುಕೊಂಡು ಬರುತ್ತಿತ್ತು.

ವಿಷಯ ಇಷ್ಟೆ. ಮೋಡೆಮ್ ಸುಮ್ಮನಾದ ಕೂಡಲೇ ಭಾವ ಒಳಗೆ ಹೋಗಿ ಆ ಫೋನನ್ನು ಎತ್ತಿ ಕಿವಿಗೆ ಹಿಡಿಯುತ್ತಿದ್ದರು. ಒಂದೇ ಲೈನಿನ ಎರಡನೇ ಫೋನ್ ಎತ್ತಿದರೆ ಇಂಟರ್‌ನೆಟ್ ಉಳಿಯುತ್ತದೆಯೇ?

"ಅಲ್ಲಾ ಮಾಸ್ತರ, ಮುಟ್ಟೈತೋ ಇಲ್ಲೋ ಹೋಗಿ ನೋಡಬಾರದೇನು?" ಎಂದರು ಭಾವ, ನ್ಯಾಯ ಕೇಳುವವರಂತೆ.

ಅಕ್ಕನಿಗೆ ನಗು ಬಂತು. ಸದ್ದಿಲ್ಲ, ಹೆಗಲು ಕುಣಿಯುತ್ತಿದ್ದವು, ಕಣ್ಣಲ್ಲಿ ನೀರು. ಆ ಫೋನನ್ನು ಅಕ್ಕಿಯ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದು, ಭಾವನನ್ನು ಅದರ ಮೇಲೆಯೇ ಕೂರಿಸಿದಳು. ಬಸ್ಸಿಗೆ ಹೊತ್ತಾಗಿತ್ತು, ನಾನು ಹೊರಟೆ.

ಸಂಡೂರು ಮುಟ್ಟಿ ಕಾಲು ತೊಳೆಯುತ್ತಿದ್ದಾಗ ಸೊಸೆ ಕರೆದಳು. "ಬರ್ರಿ ಮಾವಾ, ಅತ್ತೆ ಬರದಾರ." ಮೋಡೆಮ್ಮಿನಿಂದ ಫೋನಿನ ಲೈನು ಬಿಡಿಸಿ, ಕುರ್ಚಿ ಸರಿಸಿ ನನ್ನನ್ನು ಪರದೆಯ ಮುಂದೆ ಕೂರಿಸಿದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ನಿಧಾನವಾಗಿ ಕೂಡಿಸಿಕೊಂಡು ಓದಿದೆ.

"ಎಷ್ಟು ಸೊರಗಿಯಲೋ! ಊಟಕ್ಕ ಕುಂತಾಗ ಗಡಿಯಾರ ನೋಡ್ತಿ, ತಾಟು ನೋಡೂದಿಲ್ಲ. ಅಂಗಿ ಗುಂಡಿ ಹರದೈತಿ, ಕಣ್ಣು ಇಲ್ಲೇನು? ಕರದರ ತಿರುಗಿ ನೋಡೂದಿಲ್ಲ, ತಡಿ ತಡಿ ಅಂತಿ. ಇಷ್ಟು ದಿನ ತಡದೀನಿ, ಇನ್ನು ತಡಿಯೂದಿಲ್ಲ..."

ಇನ್ನೂ ಉದ್ದವಿತ್ತು. ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ಎತ್ತಿದೆ.

"ಮಾಸ್ತರ, ಕಡೇ ತೂಬಿಗೆ ಮುಟ್ಟೈತೇನು?"

ಹೇಳಲೆಂದು ಬಾಯಿ ತೆರೆದೆ. ಪರದೆಯ ಕಡೆ ಇನ್ನೊಮ್ಮೆ ನೋಡಿದೆ. ಆ ಕಡೆ ಭಾವ ಉಸಿರು ಹಿಡಿದು ಕಾಯುತ್ತಿದ್ದರು.

ರಿಸೀವರಿನ ಮೇಲೆ ಉಗುರಿನಿಂದ ಒಂದು ಸಲ ಕುಟ್ಟಿದೆ.